ಹಳ್ಳಿಯ ಬಡ ಮಗುವಿಗೆ ಹೊಟ್ಟೆ ತುಂಬ ಊಟ ಸಿಕ್ಕರೆ ಬೆಳವಣಿಗೆ ಸರಿಹೋಗುವುದಿಲ್ಲವೇ? ಒಂದನೇ ತರಗತಿಗೆ ಬರುವ ವೇಳೆಗೆ ತಡವಾಗಿರುತ್ತದೆಯೇ?

ಊಟ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿ ಬಹುಕಾಲ ಕೆಲಸ ಮಾಡಿದ ಮೇಲೆ ನನಗೆ ಮನವರಿಕೆಯಾಗಿರುವುದು ಇಷ್ಟು: ಸಾಲ, ಗುಳೆ, ಕುಡಿತ, ಬಾಲ್ಯವಿವಾಹದಂತಹ ಕಷ್ಟಗಳು ಮೊದಲು ತಾಯಿಯ ಮೈಯನ್ನೂ ಅವಳ ಸಮಯವನ್ನೂ ತಿನ್ನುತ್ತವೆ, ಮಗುವನ್ನು ಮುಟ್ಟುವುದು ಬಹುಪಾಲು ಆ ದಾರಿಯಿಂದಲೇ.

ಹದಿನೇಳು ತುಂಬುವ ಮೊದಲೇ ಬಸುರಾದ, ರಕ್ತಹೀನತೆಯಿಂದ ಬಳಲುವ ಹುಡುಗಿಗೆ ಹುಟ್ಟುವ ಮಗು ಅನೇಕ ಸಲ ಎರಡೂವರೆ ಕಿಲೋ ಕೂಡ ತೂಗುವುದಿಲ್ಲ. ಬಾಣಂತನ ಮುಗಿಯುವ ಮೊದಲೇ ಅವಳು ಕೂಲಿಗೆ ಹೋಗಬೇಕಾಗುತ್ತದೆ, ಆರು ತಿಂಗಳು ಬರೀ ಎದೆಹಾಲು ಕೊಡಬೇಕೆಂಬ ನಮ್ಮ ಸಲಹೆ ಅಲ್ಲಿಗೆ ನಿಂತುಹೋಗುತ್ತದೆ. ದೀಪಾವಳಿಯ ಆಚೀಚೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಡುವ ಕುಟುಂಬಗಳು ಮೊಲೆ ಕುಡಿಯುವ ಕೂಸನ್ನು ಜೊತೆಗೆ ಒಯ್ಯುತ್ತವೆ, ಹಾಲು ಬಿಟ್ಟದ್ದನ್ನು ಅಜ್ಜಿಯ ಬಳಿ ಬಿಡುತ್ತವೆ. ಜೊತೆಗೆ ಹೋದ ಕೂಸಿಗೆ ತಗಡಿನ ಶೆಡ್ಡು, ಶುದ್ಧವಲ್ಲದ ನೀರು. ಭೇದಿ ಮತ್ತೆ ಮತ್ತೆ ಮರುಕಳಿಸಿ ಕರುಳು ಸೋತರೆ ತಿಂದದ್ದೂ ಮೈಗೆ ಹತ್ತುವುದಿಲ್ಲ.

ಊರಲ್ಲೇ ಉಳಿದ ಎರಡು ವರ್ಷದ ಹೆಣ್ಣುಮಗುವೊಂದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತಾಯಿ-ಮಗುವಿನ ಆರೋಗ್ಯ ದಾಖಲೆಯಾದ 'ತಾಯಿ ಕಾರ್ಡ್'ನಲ್ಲಿ ಹುಟ್ಟಿದಾಗಿನಿಂದ ಏರುತ್ತ ಬಂದಿದ್ದ ಅದರ ತೂಕದ ಗೆರೆ, ತಾಯಿ ಗುಳೆ ಹೋದ ತಿಂಗಳಿಂದ ಅಡ್ಡಕ್ಕೆ ತಿರುಗಿತ್ತು. ಮನೆಯಲ್ಲಿ ಜೋಳಕ್ಕಾಗಲಿ ತೊಗರಿಬೇಳೆಗಾಗಲಿ ಕೊರತೆ ಇರಲಿಲ್ಲ. ಅಜ್ಜಿ ಬೆಳಿಗ್ಗೆ ಹತ್ತಿ ಬಿಡಿಸಲು ಹೋಗುವಾಗ ಮಗುವಿನ ಕೈಗೊಂದು ರೊಟ್ಟಿ ಕೊಟ್ಟು, ಏಳು ವರ್ಷದ ಅಕ್ಕನ ಬಳಿ ಬಿಡುತ್ತಿದ್ದಳು. ಆ ವಯಸ್ಸಿನ ಮಗುವಿಗೆ ರೊಟ್ಟಿಯನ್ನು ಬೇಳೆಯಲ್ಲಿ ನುರಿದು, ಮಾತಾಡಿಸುತ್ತ, ದಿನಕ್ಕೆ ನಾಲ್ಕೈದು ಸಲ ಸಣ್ಣ ತುತ್ತು ಮಾಡಿ ತಿನ್ನಿಸುವವರು ಬೇಕು. "ಭಾಳ ಶಾಣೇ ಕೂಸು, ಅಳೋದೇ ಇಲ್ಲ" ಎಂದು ಓಣಿಯವರು ಹೊಗಳುತ್ತಿದ್ದರು. ಹೆಸರು ಹಿಡಿದು ಕರೆದರೂ ತಿರುಗದ, ಗಿಲಕಿ ಅಲುಗಾಡಿಸಿದರೂ ಕೈಚಾಚದ ಆ ಮಗುವನ್ನು ಕಂಡು ನನಗೆ ಆತಂಕವಾಗಿತ್ತು.

ಕಳೆದುಕೊಂಡ ತೂಕ ಬೇಗ ಮರಳುತ್ತದೆ, ಎತ್ತರ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಎರಡು ವರ್ಷ ತುಂಬಿದ ಹೆಣ್ಣುಮಗು ಸುಮಾರು 86 ಸೆಂ.ಮೀ. ಎತ್ತರವಿರಬೇಕು, 79 ಸೆಂ.ಮೀ.ಗೂ ಕಡಿಮೆಯಿದ್ದರೆ ಅದು ಕುಂಠಿತ ಬೆಳವಣಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ಹೀಗಿದ್ದರು, ನಮ್ಮ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು. ಇದರ ಜೊತೆಗೆ, ಮನೆಯಲ್ಲಿ ದಿನವೂ ಹೊಡೆತ-ಬಡಿತ ನೋಡುತ್ತ, ಸಂತೈಸುವವರಿಲ್ಲದೆ ಬೆಳೆಯುವ ಮಗುವಿನ ಮೈಯಲ್ಲಿ ಒತ್ತಡದ ಹಾರ್ಮೋನುಗಳು ಬಹುಕಾಲ ಏರಿಯೇ ಇದ್ದು, ನಿದ್ದೆ, ಗಮನ, ನೆನಪು ಎಲ್ಲವನ್ನೂ ಕೆಡಿಸಬಲ್ಲವು.

ಊಟದ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಗ್ವಾಟೆಮಾಲಾದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ನಡೆದ ಅಧ್ಯಯನದಲ್ಲಿ, ಮೊದಲ ಎರಡು ವರ್ಷ ಪ್ರೋಟೀನ್ ಇರುವ ಗಂಜಿ ಪಡೆದ ಗಂಡುಮಕ್ಕಳು ದೊಡ್ಡವರಾದಾಗ, ಬರೀ ಸಿಹಿ ಪಾನೀಯ ಪಡೆದವರಿಗಿಂತ ಗಂಟೆಗೆ ಶೇ. 46ರಷ್ಟು ಹೆಚ್ಚು ಕೂಲಿ ಗಳಿಸುತ್ತಿದ್ದರು. ಆದರೆ 1986-87ರಲ್ಲಿ ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳೊಂದಿಗೆ ಆರಂಭವಾದ ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು. ಅಲ್ಲಿ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ, ವಾರಕ್ಕೊಮ್ಮೆ ಮನೆಗೆ ಹೋಗಿ, ಮಗುವಿನೊಡನೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ತಾಯಂದಿರಿಗೆ ಕಲಿಸಿದರು. ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳ ಗಳಿಕೆ ಉಳಿದವರಿಗಿಂತ ಸುಮಾರು ಶೇ. 25ರಷ್ಟು ಹೆಚ್ಚಿತ್ತು, ಪೂರಕ ಆಹಾರ ಮಾತ್ರ ಪಡೆದ ಗುಂಪಿನಲ್ಲಿ ಅಂಥ ಲಾಭ ಉಳಿಯಲಿಲ್ಲ.

ಆದ್ದರಿಂದಲೇ ಯೋಜನೆಗಳನ್ನು ನಾನು ತಾಯಿಯ ಸಮಯದ ಲೆಕ್ಕದಲ್ಲಿ ನೋಡುತ್ತೇನೆ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ-ಬಾಣಂತಿಯರಿಗೆ ಕೊಡುವ ಬಿಸಿಯೂಟ ಒಳ್ಳೆಯದೇ, ಆದರೆ ದೂರದ ಹೊಲದಲ್ಲಿ ಕೂಲಿ ಮಾಡುವವಳು ಮಧ್ಯಾಹ್ನ ಅಂಗನವಾಡಿಗೆ ಬಂದು ಉಣ್ಣುವುದು ಹೇಗೆ? ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ 'ಕೂಸಿನ ಮನೆ'ಗಳ ಮೇಲೆ ನನಗೆ ಹೆಚ್ಚು ನಂಬಿಕೆ. ಅಲ್ಲಿ ಊಟದ ಜೊತೆಗೆ ಮಗುವನ್ನು ನೋಡಿಕೊಳ್ಳುವ ದೊಡ್ಡವರೊಬ್ಬರೂ ಇರುತ್ತಾರೆ.

ನೀವು ಹೊಸದಾಗಿ ಹಳ್ಳಿಯ ಶಾಲೆಗೆ ಬಂದ ಶಿಕ್ಷಕರೆಂದು ಬರೆದಿದ್ದೀರಿ. ಆರನೇ ವಯಸ್ಸಿಗೆ ಎತ್ತರದ ನಷ್ಟವನ್ನು ಪೂರ್ತಿ ತುಂಬುವುದು ಕಷ್ಟ, ಆದರೆ ಮಾತಿಗೂ ಕಲಿಕೆಗೂ ಕಾಲ ಮೀರಿರುವುದಿಲ್ಲ. ವಯಸ್ಸಿಗಿಂತ ಚಿಕ್ಕದಾಗಿ ಕಾಣುವ, ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುವ ಮಗುವನ್ನು ಮುಂದೆ ಕೂರಿಸಿಕೊಳ್ಳಿ, ದಿನಕ್ಕೊಮ್ಮೆಯಾದರೂ ಹೆಸರು ಕರೆದು ಮಾತಾಡಿಸಿ. ಕಿವಿ, ಕಣ್ಣು, ರಕ್ತಹೀನತೆಯ ತಪಾಸಣೆಯಾಗಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಗುಳೆಯಿಂದಾಗಿ ನಡುವೆ ಶಾಲೆ ತಪ್ಪಿಸಿದ ಮಗುವಿನ ಹೆಸರನ್ನು ಹಾಜರಿಯಿಂದ ತೆಗೆದುಹಾಕುವ ಮೊದಲು, ಅದರ ತಮ್ಮನೋ ತಂಗಿಯೋ ಈಗ ಯಾರ ಬಳಿ ಇದ್ದಾರೆ ಎಂದು ಕೇಳಿ, ಆ ಓಣಿಯ ಅಂಗನವಾಡಿ ಕಾರ್ಯಕರ್ತೆಗೆ ಒಂದು ಮಾತು ತಿಳಿಸಿ.