ತಾತನ ಚೇತಕ್‌ಗೆ ಬೇರೆ ಬಾಡಿ ಹಾಕಿಸಿ ಹಳೇ ಚಾಸಿ ನಂಬರ್ ಹೊಡೆಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ದಾವಣಗೆರೆಯಲ್ಲಿ ತಾತನ 1974ರ ಬಜಾಜ್ ಚೇತಕ್ ಸ್ಕೂಟರ್ ಇದೆ. ಆರ್‌ಸಿ ಪುಸ್ತಕವೂ ಇದೆ. ಫುಟ್‌ಬೋರ್ಡ್ ತುಕ್ಕು ಹಿಡಿದು ನೆಲ ಕಾಣಿಸುತ್ತಿದೆ. ಮೇಸ್ತ್ರಿ, "ಗುಜರೀಲಿ ಗಟ್ಟಿ ಬಾಡಿ ಒಂದೈತೆ, ನಿಮ್ ನಂಬರ್ ಅದಕ್ಕೆ ಪಂಚ್ ಮಾಡ್ಸಿ ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ" ಎಂದಿದ್ದಾರೆ. ಕಾನೂನು ಇದಕ್ಕೆ ಒಪ್ಪುತ್ತದಾ ಅನ್ನುವುದು ನಿಮ್ಮ ಪ್ರಶ್ನೆ.

ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನೀವು ಹೇಳಿದ್ದನ್ನು ನೋಡಿದರೆ ನಿಮ್ಮ ಗಾಡಿಗೆ ಬೇರೆ ಬಾಡಿ ಬೇಕಾಗಿಯೇ ಇಲ್ಲ.

ನಾನು ಇದೇ ಊರಿನಲ್ಲಿ ವಾಹನ ವಿಮೆಯ ಸರ್ವೇಯರ್. ಅಪಘಾತವಾದ ಗಾಡಿ ಮುಂದೆ ಕೂತು ಚಾಸಿ ನಂಬರ್, ಅಂದರೆ ಗಾಡಿಯ ಮೂಲ ಚೌಕಟ್ಟಿನ ಮೇಲೆ ಕಂಪನಿ ಹೊಡೆದ ನಂಬರ್, ಉಜ್ಜಿ ಓದುವುದೇ ನನ್ನ ಹೊಟ್ಟೆಪಾಡು. ಹಾಗಾಗಿ "ಯಾರಿಗೂ ಗೊತ್ತಾಗಲ್ಲ" ಅನ್ನುವ ಮಾತಿನಿಂದಲೇ ಶುರು ಮಾಡುತ್ತೇನೆ.

ಗೊತ್ತಾಗುತ್ತದೆ. ಫ್ಯಾಕ್ಟರಿಯಲ್ಲಿ ಹೊಡೆದ ಅಂಕಿಗಳಿಗೆ ಒಂದೇ ಅಳತೆ, ಒಂದೇ ಆಳ, ಒಂದೇ ಸಾಲು ಇರುತ್ತದೆ. ಕೈಯಲ್ಲಿ ಪಂಚು, ಸುತ್ತಿಗೆ ಹಿಡಿದು ಹೊಡೆದರೆ ಒಂದು ಅಂಕಿ ಮೇಲೆ, ಒಂದು ಕೆಳಗೆ. 3 ಮತ್ತು 8ರ ಆಕಾರ ಬೇರೆ. ಹಳೇ ನಂಬರನ್ನು ಗ್ರೈಂಡರ್‌ನಲ್ಲಿ ಉಜ್ಜಿದ ಜಾಗದಲ್ಲಿ ತಗಡು ತೆಳ್ಳಗಾಗಿರುತ್ತದೆ, ಬೆರಳಿಟ್ಟರೆ ತಗ್ಗು ಸಿಗುತ್ತದೆ. ಇದೆಲ್ಲ ಬರಿಗಣ್ಣಿನ ಮಾತು. ಪೊಲೀಸರು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರೆ ಅಲ್ಲಿ ಆಸಿಡ್ ಹಚ್ಚಿ ನೋಡುತ್ತಾರೆ. ಅಂಕಿ ಹೊಡೆದಾಗ ಅದರ ಅಡಿಯ ಲೋಹವೂ ಒತ್ತಿಕೊಂಡಿರುತ್ತದೆ. ಮೇಲಿನ ಗುರುತು ಉಜ್ಜಿ ಹೋದರೂ ಆ ಒತ್ತಿದ ಲೋಹ ಆಸಿಡ್‌ಗೆ ಸುತ್ತಲಿನ ಲೋಹದ ಥರ ಕರಗುವುದಿಲ್ಲ. ತೀರಾ ಆಳಕ್ಕೆ ಉಜ್ಜಿರದಿದ್ದರೆ ಅಳಿಸಿದ ನಂಬರ್ ಮತ್ತೆ ಎದ್ದು ಕಾಣುತ್ತದೆ. ಆಗ ಅದು ಯಾರ ಗಾಡಿ ಅನ್ನುವುದು ಹೊರಗೆ ಬರುತ್ತದೆ. ಕಳುವಾದದ್ದಾಗಿದ್ದರೆ ಬಂತು ಫಜೀತಿ. ಗುಜರಿಯವನು ಅಂಗಡಿಯಲ್ಲಿ ಆರಾಮಾಗಿ ಇರುತ್ತಾನೆ, ಸ್ಟೇಷನ್ ಮೆಟ್ಟಿಲು ಹತ್ತುವವರು ನೀವು. ಕಳವು ಮಾಲು ಅಂತ ಗೊತ್ತಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಬೀಳುತ್ತದೆ. ನಂಬರ್ ಉಜ್ಜಿಸಿದ ಮೇಲೆ "ನನಗೆ ಗೊತ್ತಿರಲಿಲ್ಲ" ಎಂದರೆ ನಂಬುವವರು ಯಾರು?

ಇನ್ನು ಮೋಟಾರು ವಾಹನ ಕಾಯ್ದೆ. 1988ರ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಇಷ್ಟೇ: ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಮಾಲೀಕ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಅಥವಾ 5000 ರೂಪಾಯಿ ದಂಡ, ಅಥವಾ ಎರಡೂ. ನಿಮ್ಮಂಥವರಿಗೆ ಇದೆಲ್ಲಕ್ಕಿಂತ ಹೆಚ್ಚು ನೋವು ಕೊಡುವುದು 55ನೇ ಸೆಕ್ಷನ್ ಅಂತ ನನಗನ್ನಿಸುತ್ತದೆ. ಗಾಡಿ ಮೇಲಿನ ಚಾಸಿ ನಂಬರ್ ಆರ್‌ಸಿಯಲ್ಲಿರುವುದಕ್ಕಿಂತ ಬೇರೆ ಅಂತ ಆರ್‌ಟಿಒಗೆ ಖಾತ್ರಿಯಾದರೆ, ನಿಮ್ಮ ಮಾತು ಕೇಳಿ, ನೋಂದಣಿಯನ್ನೇ ರದ್ದು ಮಾಡಬೇಕು. ತಾತನ ಹೆಸರಿನ ನಂಬರ್ ಅಲ್ಲಿಗೆ ಮುಗಿಯಿತು.

ಈಗ ನಿಮ್ಮ ತೂತು ಬಿದ್ದ ಫುಟ್‌ಬೋರ್ಡಿಗೆ ಬರೋಣ.

ಚೇತಕ್‌ನಲ್ಲಿ ಚಾಸಿ ಬೇರೆ, ಬಾಡಿ ಬೇರೆ ಅಂತ ಇಲ್ಲ. ಹಳೇ ವೆಸ್ಪಾ ಸ್ಕೂಟರಿನ ರಚನೆಯೇ ಅದಕ್ಕೂ ಬಂದದ್ದು. ಒತ್ತಿ ಬೆಸೆದ ತಗಡಿನ ಬಾಡಿಯೇ ಚಾಸಿ. ಬಿಚ್ಚಿ ತೆಗೆಯಬಹುದಾದ್ದು ಹ್ಯಾಂಡಲ್, ಫೋರ್ಕು, ಎರಡು ಕಡೆಯ ಡಿಕ್ಕಿ (ಪಕ್ಕದ ಉಬ್ಬಿದ ತಗಡಿನ ಮುಚ್ಚಳ), ಮುಂದಿನ ಮಡ್‌ಗಾರ್ಡ್ ಇಂಥವು. ಅದಕ್ಕೇ ಗುಜರಿಯ ಬಾಡಿ ತಂದು ಹಾಕಿದರೆ ನೀವು ಚಾಸಿಯನ್ನೇ ಬದಲಿಸಿದ ಹಾಗೆ. ಲ್ಯಾಂಬ್ರೆಟ್ಟಾ, ವಿಜಯ್ ಸೂಪರ್ ಸ್ಕೂಟರ್ ಆಗಿದ್ದರೆ ಮಾತು ಬೇರೆ. ಅವುಗಳ ಒಳಗೆ ಪೈಪಿನ ಫ್ರೇಮ್ ಇರುತ್ತದೆ, ಮೇಲಿನ ತಗಡು ಬದಲಿಸಿದರೂ ಚಾಸಿ ಅದೇ. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳದ್ದೂ ಪೈಪಿನ ಫ್ರೇಮೇ. ಅವುಗಳ ನಂಬರ್ ಹ್ಯಾಂಡಲ್ ಕೂರುವ ಕುತ್ತಿಗೆ ಭಾಗದಲ್ಲಿರುತ್ತದೆ.

ಆದರೆ ಬಾಡಿಯೇ ಚಾಸಿ ಎಂದ ಮಾತ್ರಕ್ಕೆ ಅದರ ಮೇಲೆ ವೆಲ್ಡಿಂಗ್ ಮಾಡಿಸಲೇಬಾರದು ಅಂತಲ್ಲ. 52ನೇ ಸೆಕ್ಷನ್ನಿನ ವಿವರಣೆಯಲ್ಲೇ ಇದೆ: ರಚನೆ ಬದಲಾಗಿ, ಅದರಿಂದ ಗಾಡಿಯ ಮೂಲ ಸ್ವರೂಪವೂ ಬದಲಾದರೆ ಅದು ಮಾರ್ಪಾಡು. ಕೊಳೆತ ಫುಟ್‌ಬೋರ್ಡ್ ಕತ್ತರಿಸಿ, ಅದೇ ದಪ್ಪದ, ಅದೇ ಆಕಾರದ ತಗಡು ಕೂರಿಸಿದರೆ ಯಾವ ಸ್ವರೂಪ ಬದಲಾಯಿತು? ಅದು ರಿಪೇರಿ. ಚೇತಕ್‌ಗೆ ಮಾಡಿದ ಫುಟ್‌ಬೋರ್ಡ್ ತಗಡು ಹುಡುಕಿದರೆ ಸಿಗುತ್ತದೆ. ಸಿಗದಿದ್ದರೆ ಒಳ್ಳೆಯ ಟಿಂಕರಿಂಗ್ ಕೆಲಸದವರು ಬಡಿದು ಮಾಡಿಕೊಡುತ್ತಾರೆ. ಅಡಿಯಲ್ಲಿ ಹೋಗುವ ಆಧಾರದ ಪಟ್ಟಿ ಕೊಳೆತಿದ್ದರೆ ಅದನ್ನೂ ಹಾಕಿಸಿ. ಕತ್ತರಿಸುವ ಮುಂಚೆ ಕುತ್ತಿಗೆಯಿಂದ ಹಿಂಭಾಗಕ್ಕೆ ಕಬ್ಬಿಣದ ಪೈಪೊಂದನ್ನು ತಾತ್ಕಾಲಿಕವಾಗಿ ಬೆಸೆದು ಬಿಗಿ ಮಾಡಲು ಹೇಳಿ. ಇಲ್ಲದಿದ್ದರೆ ಬಾಡಿ ಜಗ್ಗಿ, ಗಾಡಿ ಜೀವನಪೂರ್ತಿ ಒಂದು ಕಡೆಗೆ ಎಳೆಯುತ್ತದೆ. ಕೆಲಸದ ಮುಂಚೆ, ನಡುವೆ, ಮುಗಿದ ಮೇಲೆ ಫೋಟೋ ತೆಗೆದಿಡಿ, ಬಿಲ್ಲು ಇಟ್ಟುಕೊಳ್ಳಿ. ನಾಳೆ ಆರ್‌ಟಿಒದ ಬ್ರೇಕ್ ಇನ್ಸ್‌ಪೆಕ್ಟರ್ ಕೇಳಿದರೆ ತೋರಿಸಲು ಬೇಕು.

ನಂಬರ್ ಇರುವ ಜಾಗವನ್ನು ಮಾತ್ರ ಮುಟ್ಟಿಸಬೇಡಿ. ಈ ವಂಶದ ಸ್ಕೂಟರ್‌ಗಳಲ್ಲಿ ಅದು ಸಾಮಾನ್ಯವಾಗಿ ಇಂಜಿನ್ ಕಡೆಯ ಡಿಕ್ಕಿ ತೆಗೆದರೆ ಒಳಗೆ ಬಾಡಿ ಮೇಲೆ ಸಿಗುತ್ತದೆ. ಕೆಲವು ಮೇಸ್ತ್ರಿಗಳ ಹತ್ತಿರ ಇನ್ನೊಂದು ಉಪಾಯವಿದೆ: "ಪಂಚ್ ಬೇಡ ಬಿಡಿ, ನಂಬರಿರೋ ತುಂಡನ್ನೇ ಕತ್ತರಿಸಿ ಹೊಸ ಬಾಡಿಗೆ ಬೆಸೀತೀನಿ." ಅಂಕಿಗಳು ಅಸಲಿ, ನಿಜ. ಆದರೆ ಅದರ ಸುತ್ತ ಬೆಸುಗೆ ಗೆರೆ ಕಂಡರೆ ನಮ್ಮಂಥವರು ಮೊದಲು ಅನುಮಾನ ಪಡುವುದೇ ಕಳ್ಳ ಗಾಡಿ ಅಂತ. ವಿಮೆ ಕ್ಲೇಮೂ ಅಲ್ಲೇ ನಿಲ್ಲುತ್ತದೆ.

ತುಕ್ಕು ನಂಬರನ್ನೇ ತಿಂದುಬಿಟ್ಟಿದ್ದರೆ? ಆಗ ಮೊದಲು ಆರ್‌ಟಿಒಗೆ ಅರ್ಜಿ ಕೊಡಿ. ಗಾಡಿ ತೋರಿಸಿ, ಲಿಖಿತ ಅನುಮತಿ ಸಿಕ್ಕ ಮೇಲೆ, ಅವರು ಹೇಳಿದ ರೀತಿಯಲ್ಲೇ ಪಂಚ್ ಮಾಡಿಸಬೇಕು. ಮೊದಲು ಹೊಡೆಸಿ ಆಮೇಲೆ ಹೇಳೋಣ ಅಂದರೆ ಆಗುವುದಿಲ್ಲ.

ಬಾಡಿ ನಿಜಕ್ಕೂ ಕೈಗೆ ಬಂದರೆ ಪುಡಿಯಾಗುವಷ್ಟು ಹೋಗಿದೆ ಎಂದಾದರೆ ನನಗೆ ಕಾಣುವ ನೇರ ದಾರಿ ಒಂದೇ. ಆರ್‌ಸಿ ಸಮೇತ ಇರುವ ಇನ್ನೊಂದು ಹಳೇ ಚೇತಕ್ ಕೊಂಡು, ಫಾರಂ 29, 30 ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅದಕ್ಕೆ ತಾತನ ಗಾಡಿಯ ಹ್ಯಾಂಡಲ್, ಸೀಟು, ಡಿಕ್ಕಿ ಹಾಕಿ. ಇಂಜಿನ್ ಮಾತ್ರ ಸುಮ್ನೆ ಎತ್ತಿ ಹಾಕಬೇಡಿ, ಅದಕ್ಕೂ ನಂಬರಿದೆ, ಆರ್‌ಟಿಒ ಒಪ್ಪಿಗೆ ಬೇಕು. ನಂಬರ್ ಪ್ಲೇಟ್ ತಾತನದ್ದಾಗಿರುವುದಿಲ್ಲ ಅನ್ನುವ ಬೇಜಾರು ಇದ್ದೇ ಇರುತ್ತದೆ.

ವಿಂಟೇಜ್ ನೋಂದಣಿ ಬಗ್ಗೆಯೂ ಕೇಳಿದ್ದೀರಿ. 2021ರ ಜುಲೈನಲ್ಲಿ ಕೇಂದ್ರ ಅದಕ್ಕೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ನಿಮ್ಮದು ದಾಟಿದೆ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಮತ್ತೆ ಮಾಡಿಸಲು 5000. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಆದರೆ ಚಾಸಿ, ಬಾಡಿ, ಇಂಜಿನ್ ಮಾರ್ಪಡಿಸಿದ ಗಾಡಿಗೆ ಅದು ಸಿಗುವುದಿಲ್ಲ. ಗುಜರಿ ಬಾಡಿ ಹಾಕಿಸಿದರೆ ಈ ಬಾಗಿಲೂ ಮುಚ್ಚುತ್ತದೆ. ಸಿಕ್ಕರೂ ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಭಾನುವಾರ ಬೆಣ್ಣೆದೋಸೆ ತಿನ್ನಲು ಹೋಗುವುದೂ ಲೆಕ್ಕದ ಪ್ರಕಾರ ತಪ್ಪೇ! ಓಡಿಸುವ ಆಸೆ ಇದ್ದರೆ ಮಾಮೂಲಿ ನೋಂದಣಿಯನ್ನೇ ಫಾರಂ 25ರಲ್ಲಿ 5 ವರ್ಷಕ್ಕೆ ನವೀಕರಿಸಿಕೊಳ್ಳುವುದು ವಾಸಿ. ಆರ್‌ಸಿ ಇನ್ನೂ ತಾತನ ಹೆಸರಲ್ಲೇ ಇದ್ದರೆ ವಾರಸುದಾರರ ಹೆಸರಿಗೆ ಮಾಡಿಸುವ ಕೆಲಸವೂ ಜೊತೆಗಿದೆ.

ಹಾಗಾಗಿ ಈಗಲೇ ಮೇಸ್ತ್ರಿಗೆ ಅಡ್ವಾನ್ಸ್ ಕೊಡಬೇಡಿ. ಮೊದಲು ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಅವರ ದಾಖಲೆಯಲ್ಲಿರುವ ನಿಮ್ಮ ಗಾಡಿಯ ವಿವರದ ಪ್ರತಿ, ತೆಗೆಸಿ. 1974ರಲ್ಲಿ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ನಮ್ಮ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ದಾಖಲೆ ಯಾವ ಕಚೇರಿಯಲ್ಲಿದೆ ಅಂತ ಆರ್‌ಸಿ ಪುಸ್ತಕದ ಸೀಲ್ ನೋಡಿ ಹೋಗಿ. ಇಷ್ಟು ಹಳೆಯ ಗಾಡಿಯ ವಿವರ ಕಂಪ್ಯೂಟರಿಗೆ ಏರಿರದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕಾಗುತ್ತದೆ, ಅದಕ್ಕೆ ಸ್ವಲ್ಪ ಓಡಾಟ ಇದೆ. ಆಮೇಲೆ ನಂಬರ್ ಜಾಗವನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಎಮರಿ ಪೇಪರ್, ಗ್ರೈಂಡರ್ ಬೇಡ. ಮೇಲೆ ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದು ಬಿ ಎಕ್ಸ್‌ಟ್ರಾಕ್ಟ್‌ನ ಜೊತೆ ಹೋಲಿಸಿ ನೋಡಿ. ಎರಡೂ ಒಂದೇ ಆಗಿದ್ದರೆ ವೆಲ್ಡಿಂಗ್ ಶುರು ಮಾಡಿಸಿ. ಒಂದಂಕಿ ವ್ಯತ್ಯಾಸ ಕಂಡರೂ ಗಾಡಿಯನ್ನು ಮುಟ್ಟಿಸದೆ ಮೊದಲು ಆರ್‌ಟಿಒಗೆ ಹೋಗಿ.