ಪ್ರತಿ: 1815ರ ಕ್ರಯಪತ್ರದಲ್ಲಿ ‘ಕ್ರೂಕೆಡ್ ಲೇಕ್, ಒಂಟಾರಿಯೋ’ ಅಂತಿದೆ, ಇದು ಕೆನಡಾನಾ?

ಕೆನಡಾ ಅಲ್ಲ, ನ್ಯೂಯಾರ್ಕ್ ರಾಜ್ಯವೇ. ಹೆಸರುಗಳು ಬದಲಾಗಿವೆ, ಅಷ್ಟೇ. ನೀವೀಗ ಬಾಡಿಗೆಗಿರುವ ಪೆನ್ ಯಾನ್ ಊರು ಯೇಟ್ಸ್ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಕೇಂದ್ರ. ಆದರೆ ಆ ಕೌಂಟಿ ಹುಟ್ಟಿದ್ದೇ 1823ರಲ್ಲಿ, ಒಂಟಾರಿಯೋ ಕೌಂಟಿಯಿಂದ ಒಡೆದು. ಕ್ರೂಕೆಡ್ ಲೇಕ್ ಅಂದರೆ ಇವತ್ತಿನ ಕ್ಯೂಕಾ ಸರೋವರ. ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದಿದೆಯಲ್ಲ, ಅದಕ್ಕೇ ಆ ಸೊಟ್ಟ ಹೆಸರು.

ಮೊದಲು ಪತ್ರದಲ್ಲಿರುವ ಟೌನ್ (ಕೌಂಟಿಯೊಳಗಿನ ವಿಭಾಗ) ಹೆಸರು, ಲಾಟ್ ನಂಬರ್ (ಜಾಗದ ತುಂಡಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಆಮೇಲೆ 1823ಕ್ಕಿಂತ ಹಿಂದಿನ ದಾಖಲೆಯನ್ನು ಕ್ಯಾನಂಡೈಗುವಾದಲ್ಲಿರುವ ಒಂಟಾರಿಯೋ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಕೇಳಿ, ನಂತರದ್ದು ಪೆನ್ ಯಾನ್‌ನಲ್ಲೇ ಸಿಗುತ್ತೆ. ನಾನು ಇದನ್ನು ಉಲ್ಟಾ ಮಾಡಿ ಪೆನ್ ಯಾನ್‌ನಲ್ಲಿ ಸುಮ್ನೆ ಎರಡು ದಿನ ಕಳೆದಿದ್ದೆ.

ಒಂದು ಎಡವಟ್ಟಿದೆ. ಯೇಟ್ಸ್ ಕೌಂಟಿಯ ದಕ್ಷಿಣದ ಬ್ಯಾರಿಂಗ್ಟನ್, ಸ್ಟಾರ್ಕಿ ಟೌನ್‌ಗಳ ಕಡೆಯ ಜಾಗ ಮೊದಲು ಸ್ಟೂಬೆನ್ ಕೌಂಟಿಯಲ್ಲಿತ್ತು, ಅದರ ಹಳೇ ದಾಖಲೆಗೆ ಸ್ಟೂಬೆನ್‌ನ ಕೇಂದ್ರವಾದ ಬಾತ್ ಊರಿಗೇ ಹೋಗಬೇಕು. ನಿಮ್ಮದರಲ್ಲಿ ಒಂಟಾರಿಯೋ ಅಂತಲೇ ಇರುವುದರಿಂದ ಅದು ಬೇಕಾಗಲಿಕ್ಕಿಲ್ಲ ಅನಿಸುತ್ತೆ, ಪತ್ರ ನೋಡದೆ ಖಚಿತ ಹೇಳಲಾರೆ.

ಅಂದಹಾಗೆ, ಮುಂದಿನ ಪತ್ರಗಳಲ್ಲಿ ‘ಕಾಲುವೆ ಪಕ್ಕ’ ಅಂತ ಬಂದರೆ ಗಾಬರಿ ಬೇಡ. ಕ್ಯೂಕಾದಿಂದ ಸೆನೆಕಾ ಸರೋವರಕ್ಕೆ 1833ರಿಂದ 1877ರವರೆಗೆ ದೋಣಿ ಕಾಲುವೆ ಇತ್ತು. ಈಗ ಅದೇ ಜಾಡಿನಲ್ಲಿ ಜನ ವಾಕಿಂಗ್ ಹೋಗುತ್ತಾರೆ.