ಪಟ್ಟಿ ಕೊಟ್ಟು ಪಾರ್ಟು ಮಾಡುವ ಊರುಗಳು

ಮೈಸೂರಿನ ಕಡೆಯಿಂದ ಅಥಣಿಗೆ ವರ್ಗವಾಗಿ ಬಂದಿರುವ ನೀವು, ಇಲ್ಲಿಯ ಹಳ್ಳಿಗಳಲ್ಲಿ ಜಾತ್ರೆಗೆ ಆಡುವ ನಾಟಕಗಳಲ್ಲಿ ಸ್ವಯಂಸೇವಕರಾಗಿ ಕೆಲಸ ಮಾಡಬೇಕೆಂದರೆ ಯಾವ ಸಂಘವನ್ನು ಕಾಣಬೇಕು, ಸದಸ್ಯರಾಗುವುದು ಹೇಗೆ ಎಂದು ಕೇಳಿದ್ದೀರಿ. ಸಂಘದ ಹೆಸರು ಕರಪತ್ರದ ಮೇಲೆ ಇದ್ದೇ ಇರುತ್ತದೆ. ಊರ ದೇವರ ಹೆಸರಿಗೆ ‘ನಾಟ್ಯ ಸಂಘ’ ಎಂದು ಸೇರಿಸಿದರೆ ಸಂಘವಾಯಿತು. ಆದರೆ ಅದಕ್ಕೆ ಕಚೇರಿಯಿಲ್ಲ, ಅರ್ಜಿಯಿಲ್ಲ, ಜಾತ್ರೆ ಮುಗಿದ ಮೇಲೆ ಮುಂದಿನ ವರ್ಷದವರೆಗೆ ಅದು ಬದುಕಿದೆಯೆಂದು ತೋರಿಸುವ ಒಂದು ಗುರುತೂ ಇಲ್ಲ. ಹೀಗಿದ್ದರೂ ನಾಟಕ ತಪ್ಪುವುದಿಲ್ಲ. ಅದು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದುಕೊಂಡರೆ ನಿಮಗೆ ಅದರಲ್ಲಿ ಎಲ್ಲಿ ಜಾಗವಿದೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ತಿಳಿಯಬೇಕಾದದ್ದು ಹಣದ ವಿಷಯ, ಏಕೆಂದರೆ ನಗರದ ಹವ್ಯಾಸಿ ತಂಡಗಳಲ್ಲಿ ಪಳಗಿದವರಿಗೆ ಇಲ್ಲಿಯ ಕ್ರಮ ತಿರುಗುಮುರುಗಾಗಿ ಕಾಣುತ್ತದೆ. ಅಲ್ಲಿ ನಟನು ತನ್ನ ಬಿಡುವಿನ ವೇಳೆಯನ್ನು ಕೊಡುತ್ತಾನೆ. ಇಲ್ಲಿ ವೇಳೆಯ ಜೊತೆಗೆ ಪಟ್ಟಿಯನ್ನೂ, ಅಂದರೆ ತನ್ನ ಪಾಲಿನ ವಂತಿಗೆಯನ್ನೂ, ಕೊಡಬೇಕು. ಪಾರ್ಟು ಹಂಚುವ ರಾತ್ರಿಯೇ ಯಾವ ಪಾತ್ರಕ್ಕೆ ಎಷ್ಟು ಪಟ್ಟಿ ಎಂಬುದೂ ನಿಶ್ಚಯವಾಗುತ್ತದೆ. ನಾಯಕನದು ಎಲ್ಲರಿಗಿಂತ ಹೆಚ್ಚು, ಖಳನಾಯಕನದು ಅದಕ್ಕೆ ಸಮೀಪ, ಒಂದೇ ಸೀನಿಗೆ ಬಂದುಹೋಗುವ ಆಳುಮಗನದು ತೀರ ಕಡಿಮೆ. ಹೀಗೆ ಕೂಡಿದ ಹಣಕ್ಕೆ ಊರಿನ ದೇಣಿಗೆ ಸೇರಿ, ಅದರಿಂದ ಹೊರಗಿನಿಂದ ಬರುವ ನಟಿಯರಿಗೆ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರಿಗೆ, ತಬಲಾದವರಿಗೆ, ರಂಗಸಜ್ಜಿಕೆ ಮತ್ತು ಮೈಕಿನವರಿಗೆ ಸಂದಾಯವಾಗುತ್ತದೆ. ಅಂದರೆ ಇಲ್ಲಿ ದುಡ್ಡು ಪಡೆಯುವವರು ಕಸುಬುದಾರರು, ದುಡ್ಡು ಕೊಡುವವರು ನಟರು. ಈ ಪದ್ಧತಿಯಲ್ಲಿ ದೋಷವಿಲ್ಲವೆಂದು ನಾನು ಹೇಳಲಾರೆ. ಧ್ವನಿಯೂ ನಿಲುವೂ ಇಲ್ಲದವನೊಬ್ಬ ಕಬ್ಬಿನ ಬಿಲ್ಲು ಬಂದ ವರ್ಷ ನಾಯಕನಾಗಿ ನಿಂತುಬಿಡುವುದು ಅಪರೂಪವಲ್ಲ. ಅದರ ಜೊತೆಗೆ ಇನ್ನೊಂದನ್ನೂ ಹೇಳಬೇಕು. ಚೆನ್ನಾಗಿ ಮಾಡಬಲ್ಲ ಬಡವನಿದ್ದರೆ ಅವನ ಪಟ್ಟಿಯನ್ನು ಯಾರೋ ಹಿರಿಯರು ಸದ್ದಿಲ್ಲದೆ ತುಂಬಿರುತ್ತಾರೆ, ಅದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ನಾಟಕವನ್ನು ಆರಿಸುವವರು ನಾಟಕ ಮಾಸ್ತರರು. ಸಂತೆ, ಜಾತ್ರೆಗಳ ಪುಸ್ತಕದಂಗಡಿಗಳಲ್ಲಿ ಅಗ್ಗದ ಬೆಲೆಗೆ ಸಿಗುವ ಸಾಮಾಜಿಕ ನಾಟಕಗಳಲ್ಲಿ ಊರಿನ ಗಂಡಸರ ಸಂಖ್ಯೆಗೆ ಹೊಂದುವಂಥದನ್ನು, ಮತ್ತು ಎರಡು ಮೂರಕ್ಕಿಂತ ಹೆಚ್ಚು ಸ್ತ್ರೀ ಪಾತ್ರಗಳಿಲ್ಲದಂಥದನ್ನು ಅವರು ತರುತ್ತಾರೆ. ಹೆಸರು ಸಾಮಾನ್ಯವಾಗಿ ಒಂದಕ್ಕೆ ನಿಲ್ಲುವುದಿಲ್ಲ. ನಡುವೆ ‘ಅರ್ಥಾತ್’ ಬಂದು ಇನ್ನೊಂದು ಹೆಸರು ಜೋಡಿಯಾಗುತ್ತದೆ, ಮೊದಲನೆಯದು ಗಾಂಭೀರ್ಯಕ್ಕೆ, ಎರಡನೆಯದು ಕಣ್ಣೀರಿಗೆ. ಇಂಥ ನಾಟಕಗಳನ್ನು ಕೀಳಾಗಿ ಕಾಣುವ ಓದಿದವರು ನಮ್ಮ ಕಡೆಯೂ ಇದ್ದಾರೆ. ಆದರೆ ಬಾಗಲಕೋಟೆ ಜಿಲ್ಲೆಯ ಸೂಳಿಭಾವಿಯ ಪಿ. ಬಿ. ಧುತ್ತರಗಿಯವರು ಇದೇ ಬಗೆಯ ರಂಗಭೂಮಿಗೆ ಬರೆದವರು, ಮತ್ತು ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಚಲನಚಿತ್ರವಾಗಿ ನಿಮ್ಮ ಮೈಸೂರಿನಲ್ಲಿಯೂ ಜನರನ್ನು ಕಟ್ಟಿ ಕೂರಿಸಿತು ಎಂಬುದನ್ನು ನೆನಪಿಸಿದರೆ ಸಾಕೆಂದು ತೋರುತ್ತದೆ.

ತಾಲೀಮು ರಾತ್ರಿ ಊಟವಾದ ಮೇಲೆ, ಗುಡಿಯ ಪೌಳಿಯಲ್ಲಿಯೋ ಶಾಲೆಯ ಕೋಣೆಯಲ್ಲಿಯೋ ನಡೆಯುತ್ತದೆ. ಕೃಷ್ಣಾ ತೀರದ ಈ ಭಾಗದಲ್ಲಿ ಕಬ್ಬಿನ ಕಟಾವು ನಡೆದಿರುವಷ್ಟು ದಿನ ಯಾರು ಯಾವ ಹೊತ್ತಿಗೆ ಬರುತ್ತಾರೆಂದು ಹೇಳಲಾಗದು. ತಾಲೀಮಿನ ನಡುವೆ ಪಂಪಸೆಟ್ಟಿಗೆ ಕರೆಂಟು ಬಂತೆಂಬ ಸುದ್ದಿ ಬಂದರೆ, ಸಾಯುವ ಸೀನಿನಲ್ಲಿದ್ದ ತಂದೆ ಎದ್ದು ನೀರು ಹಾಯಿಸಲು ಹೊರಟುಬಿಡುತ್ತಾನೆ. ಅವನ ಮಾತನ್ನು ಬೇರೆಯವರು ಓದಿ ಸೀನನ್ನು ಮುಗಿಸುತ್ತಾರೆ. ಶಿಸ್ತಿಲ್ಲವೆಂದು ನೀವು ಸಿಟ್ಟಾಗುವುದಕ್ಕೆ ಮೊದಲು ಒಂದು ವಾರ ಸುಮ್ಮನೆ ಕುಳಿತು ನೋಡುವುದು ಒಳ್ಳೆಯದು, ಏಕೆಂದರೆ ಇದೇ ಜನ ಜಾತ್ರೆಯ ರಾತ್ರಿ ಹತ್ತೂವರೆಗೆ ಆರಂಭಿಸಿ ಬೆಳಗಿನ ಜಾವದವರೆಗೆ ರಂಗವನ್ನು ಖಾಲಿ ಬಿಡದೆ ಆಡುತ್ತಾರೆ.

ಭಾಷೆಯ ಬಗ್ಗೆ ನೀವು ವ್ಯಕ್ತಪಡಿಸಿದ ಅಳುಕು ನನಗೆ ಅರ್ಥವಾಗುತ್ತದೆ. ಗಡಿ ಎಂದೊಡನೆ ನಿಮ್ಮ ಕಡೆಯವರಿಗೆ ಮಹಾರಾಷ್ಟ್ರದೊಂದಿಗಿನ ಗಡಿ ತಂಟೆಯ ಬಗ್ಗೆ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ, ನವೆಂಬರ್ ಒಂದರ ಮೆರವಣಿಗೆ, ಬಸ್ಸಿನ ಗಾಜು ಇವೇ ಮೊದಲು ನೆನಪಾಗುತ್ತವೆ. ಬೆಳಗಾವಿ ನಗರದಲ್ಲಿ ಕನ್ನಡ ನಾಟಕಕ್ಕೆ ಬರುವವರು, ಮರಾಠಿ ನಾಟಕಕ್ಕೆ ಹೋಗುವವರು ಬಹುಮಟ್ಟಿಗೆ ಬೇರೆಬೇರೆಯಾಗಿಯೇ ಉಳಿದಿದ್ದಾರೆಂಬುದು ನಿಜ. ಆದರೆ ಅಥಣಿ, ಕಾಗವಾಡ, ವಿಜಯಪುರ ಜಿಲ್ಲೆಯ ಚಡಚಣ, ಇಂಡಿ ಇವುಗಳ ಹಳ್ಳಿಗಳಲ್ಲಿ ಪರಿಸ್ಥಿತಿ ಹಾಗಿಲ್ಲ. ಗಡಿಯ ಆಚೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಮನೆಮಾತು ಕನ್ನಡವಿರುವ ಊರುಗಳು ಎಷ್ಟೋ ಇವೆ. ಅಲ್ಲಿಯ ಬೀಗರು ನಮ್ಮ ಜಾತ್ರೆಗೆ ಬಂದು ನಾಟಕ ನೋಡಿ ಹೋಗುತ್ತಾರೆ, ನಮ್ಮವರು ಅಲ್ಲಿಗೆ ಹೋಗುತ್ತಾರೆ. ಈಚೆ ಮನೆಯಲ್ಲಿ ಮರಾಠಿ ಆಡುವ ಹುಡುಗರು ಕನ್ನಡ ನಾಟಕದಲ್ಲಿ ಪಾರ್ಟು ಮಾಡುತ್ತಾರೆ, ಮತ್ತು ಅವರ ಪುಸ್ತಕದ ಕನ್ನಡ ಎಷ್ಟೋ ಸಲ ನಮ್ಮವರಿಗಿಂತ ಶುದ್ಧವಾಗಿರುತ್ತದೆ, ಏಕೆಂದರೆ ಅವರು ಅದನ್ನು ಅಕ್ಷರ ತಪ್ಪದಂತೆ ಬಾಯಿಪಾಠ ಮಾಡಿರುತ್ತಾರೆ.

ಈ ಕೊಡುಕೊಳೆ ಹೊಸದೂ ಅಲ್ಲ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳದವರು ಸಾಂಗಲಿಗೆ ಹೋಗಿ ಆಡಿದ ಆಟವನ್ನು ಕಂಡ ಅಲ್ಲಿಯ ಸಂಸ್ಥಾನಿಕರು ಅಂಥದೇ ಒಂದನ್ನು ಮರಾಠಿಯಲ್ಲಿ ಮಾಡಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದ್ದರಿಂದ 1843ರಲ್ಲಿ ಮರಾಠಿ ರಂಗಭೂಮಿ ಆರಂಭವಾಯಿತೆಂದು ಮರಾಠಿಯವರ ಚರಿತ್ರೆಯೇ ಹೇಳುತ್ತದೆ. ಅದೇ ವರ್ಷ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಮುಂದೆ 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ನೆಲೆ ಹಾಕಿದರು. ಆ ಸಂಗೀತದ ಧಾಟಿಗಳು ಹಿಂದಿರುಗಿ ನಮ್ಮ ಕಂಪನಿ ನಾಟಕಗಳಿಗೆ ಬಂದವು. ನಮ್ಮ ಊರಿನ ಪೇಟಿ ಮಾಸ್ತರರು ಇಂದಿಗೂ ನಾಂದಿಯ ನಂತರ ಮೊದಲ ಹಾಡಿಗೆ ಯಾವ ಮಟ್ಟನ್ನು ಹಿಡಿಯುತ್ತಾರೋ ಅದು ಮೊದಲು ಯಾರದೆಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಹಾಗಾದರೆ ನೀವು ಏನು ಮಾಡಬಹುದು? ಮೊದಲ ವರ್ಷ ಪಾತ್ರ ಕೇಳಬೇಡಿ. ನೀವು ಮೈಸೂರಿನಲ್ಲಿ ಎಷ್ಟು ನಾಟಕ ಮಾಡಿದ್ದೀರೆಂಬುದನ್ನೂ ಹೇಳಬೇಡಿ. ಪ್ರಾಂಪ್ಟ್ ಮಾಡುತ್ತೇನೆಂದು ಹೇಳಿ. ಓದು ಬಲ್ಲ, ಊರಿನ ಜಗಳಗಳಲ್ಲಿ ಯಾವ ಪಕ್ಷಕ್ಕೂ ಸೇರದ, ನಡುರಾತ್ರಿಯಲ್ಲಿ ತೂಕಡಿಸದ ಒಬ್ಬರು ಪ್ರತಿಯೊಂದು ತಂಡಕ್ಕೂ ಬೇಕು, ಮತ್ತು ಹೊರಗಿನವರಾದ ನಿಮಗೆ ಈ ಮೂರರಲ್ಲಿ ಮೊದಲ ಎರಡು ಸಹಜವಾಗಿಯೇ ಇವೆ. “ಸಾಹೇಬ್ರ, ನೀವು ಬುಕ್ಕ ಹಿಡೀರಿ, ನಮಗ ಧೈರ್ಯ ಬರ್ತೈತಿ” ಎಂದು ಅವರೇ ಹೇಳುತ್ತಾರೆ.

ಇದು ಸುಲಭದ ಕೆಲಸವೆಂದು ತಿಳಿಯಬೇಡಿ. ಮಾತು ಮರೆತ ನಟನಿಗೆ ಮಾತ್ರ ನೆನಪಿಸುವುದು ನಿಮ್ಮ ರೂಢಿಯಾಗಿರಬಹುದು. ಇಲ್ಲಿ ನಟರಲ್ಲಿ ಕೆಲವರು ಇಡೀ ಪಾತ್ರವನ್ನೇ ನಿಮ್ಮ ಬಾಯಿಂದ ತೆಗೆದುಕೊಳ್ಳುತ್ತಾರೆ. ವಿಂಗಿನ ಮರೆಯಲ್ಲಿ ಕುಳಿತು ಪ್ರತಿ ಮಾತಿನ ಮೊದಲ ಅರ್ಧವನ್ನು, ಮೈಕಿಗೆ ಕೇಳದಂತೆ ಆದರೆ ನಟನ ಕಿವಿಗೆ ಮುಟ್ಟುವಂತೆ, ಹಿಂದಿನ ಮಾತು ಮುಗಿಯುವುದಕ್ಕೆ ಒಂದು ಉಸಿರು ಮೊದಲೇ ಕೊಡಬೇಕು. ಹಾಸ್ಯ ಪಾತ್ರದವನು ಪುಸ್ತಕವನ್ನು ಬಿಟ್ಟು ಊರಿನ ಚೇರಮನ್ನರ ಸುದ್ದಿಗೆ ಹೋದರೆ ಬಾಯಿ ಮುಚ್ಚಿಕೊಂಡು ಕಾಯಬೇಕು, ಅವನು ಯಾವ ಮಾತಿನ ಮೇಲೆ ಹಿಂದಿರುಗುತ್ತಾನೆಂಬುದನ್ನು ಊಹಿಸಿ ಬೆರಳನ್ನು ಆ ಸಾಲಿನ ಮೇಲೆ ಇಟ್ಟಿರಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಆಹೇರಿಗೆ ಸಿದ್ಧರಾಗಿರಬೇಕು. ನಾಟಕ ನಡೆದಿರುವಾಗಲೇ ನಟನ ಅತ್ತೆಯ ಮನೆಯವರು, ಗೆಳೆಯರು, ಹಿಂದಿನ ವರ್ಷ ಅದೇ ಪಾತ್ರ ಮಾಡಿದವರು ರಂಗದ ಮೇಲೆ ಬಂದು ಟಾವೆಲ್ಲು ಹೊದಿಸಿ, ಪೇಟ ಸುತ್ತಿ, ನೋಟು ಕೊಡುತ್ತಾರೆ. ಯಾರಿಂದ ಎಷ್ಟು ಬಂತೆಂಬುದು ಮೈಕಿನಲ್ಲಿ ಘೋಷಣೆಯಾಗುತ್ತದೆ. ಅಷ್ಟು ಹೊತ್ತು ವಿಷ ಕುಡಿದ ನಾಯಕ ಕೈಮುಗಿದು ನಿಂತಿರುತ್ತಾನೆ, ಆಮೇಲೆ ಮತ್ತೆ ಬಿದ್ದು ಸಾಯುತ್ತಾನೆ. ನಾಟಕದ ಓಟ ಕೆಟ್ಟಿತೆಂದು ನಿಮಗೆ ಅನ್ನಿಸುವುದು ಖಂಡಿತ. ನನ್ನ ಅಭಿಪ್ರಾಯ ಬೇರೆ: ಕೂತವರಿಗೆ ನಾಯಕನೂ ಅವರ ಊರಿನ ಮಲ್ಲಪ್ಪನೂ ಒಟ್ಟಿಗೆ ಕಾಣುತ್ತಿರುತ್ತಾರೆ, ಅವರು ಬಂದದ್ದು ಇಬ್ಬರನ್ನೂ ನೋಡುವುದಕ್ಕೆ. ಘೋಷಣೆ ಮುಗಿದ ಕೂಡಲೇ ಎಲ್ಲಿ ನಿಂತಿತ್ತೆಂದು ನಟ ನಿಮ್ಮ ಕಡೆ ನೋಡುತ್ತಾನೆ, ಆಗ ನೀವು ಪುಟ ಹುಡುಕುತ್ತಿರಬಾರದು.

ಇನ್ನೊಂದು ಕೆಲಸವಿದೆ; ಅದಕ್ಕೆ ಮುಂದೆ ಬರುವವರು ಕಡಿಮೆ, ಆದ್ದರಿಂದ ಅದನ್ನು ಒತ್ತಿ ಹೇಳುತ್ತೇನೆ. ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರು ಜಾತ್ರೆಯ ಹಂಗಾಮಿನಲ್ಲಿ ಇಂದು ಒಂದು ಊರು, ನಾಳೆ ಇನ್ನೊಂದು ಊರು ಎಂದು ತಿರುಗುವವರು. ಎಷ್ಟೋ ನಾಟಕಗಳ ನಾಯಕಿಯ ಮಾತುಗಳೆಲ್ಲ ಅವರಿಗೆ ಬಾಯಿಗೆ ಬಂದಿರುತ್ತವೆ. ಅನೇಕ ಸಲ ಆಟದ ದಿನ ಸಂಜೆಯಷ್ಟೇ ಬಂದು, ತಾವು ಎಂದೂ ನೋಡದ ರೈತನನ್ನು ಗಂಡನೆಂದು ಕರೆದು, ಅವನು ಮರೆತ ಮಾತನ್ನೂ ತಾವೇ ಸೂಚಿಸಿ, ರಾತ್ರಿಯನ್ನು ದಾಟಿಸುತ್ತಾರೆ. ನಾಟಕ ನಿಂತಿರುವುದು ಅವರ ಮೇಲೆ. ಹಾಗಿದ್ದೂ ಅವರಿಗೆ ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳುವ ಕೋಣೆ, ಶೌಚಾಲಯವಿರುವ ಮನೆ, ಹೊತ್ತಿಗೆ ಊಟ, ಬೆಳಿಗ್ಗೆ ಬಸ್‌ಸ್ಟ್ಯಾಂಡಿನವರೆಗೆ ಗಾಡಿ, ಮಾತಾಡಿಕೊಂಡ ಹಣ ಕೈಗೆ ಸೇರುವುದು, ಇವು ಎಲ್ಲ ಊರುಗಳಲ್ಲಿಯೂ ಸರಿಯಾಗಿ ನಡೆಯುತ್ತವೆಂದು ಹೇಳಲು ನನಗೆ ಧೈರ್ಯವಿಲ್ಲ. ಬೀಳಗಿಯಿಂದ ಹೊರಟು ರಂಗಭೂಮಿ, ಚಿತ್ರರಂಗಗಳಲ್ಲಿ ಹೆಸರು ಮಾಡಿದ ಅಮೀರಬಾಯಿ ಮತ್ತು ಗೋಹರಬಾಯಿ ಸೋದರಿಯರ ಹೆಸರನ್ನು ಹೆಮ್ಮೆಯಿಂದ ಹೇಳುವ ಸೀಮೆ ಇದು. ಬಂದ ಕಲಾವಿದೆಯನ್ನು ‘ಅಕ್ಕಾರ’ ಎಂದು ಕರೆದು ಕುರ್ಚಿ ಕೊಡುವುದನ್ನು ಇನ್ನೂ ಎಲ್ಲರೂ ಕಲಿತಿಲ್ಲ. ನಿಮ್ಮ ಮನೆಯವರೂ ಒಪ್ಪಿ ಜೊತೆಗೆ ಬಂದರೆ ಈ ವ್ಯವಸ್ಥೆಯನ್ನು ನೀವಿಬ್ಬರೂ ವಹಿಸಿಕೊಳ್ಳಿ. ನಾಟಕಕ್ಕೆ ಅದಕ್ಕಿಂತ ದೊಡ್ಡ ಸಹಾಯ ನನಗೆ ತಿಳಿದಿಲ್ಲ.

ಕಸುಬಿನವರ ನಾಟಕವನ್ನು ನೋಡಬೇಕೆಂದರೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ. ಬನದ ಹುಣ್ಣಿಮೆಯ ತೇರಿನ ಸುತ್ತಮುತ್ತ ಅಲ್ಲಿ ಹಲವು ಕಂಪನಿಗಳು ಡೇರೆ ಹಾಕಿ ವಾರಗಟ್ಟಲೆ ರಾತ್ರಿಯಿಡೀ ಆಟದ ಮೇಲೆ ಆಟ ಆಡುತ್ತವೆ. ಸವದತ್ತಿ ಸೀಮೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರಂಥವರು ಕಟ್ಟಿ ಬೆಳೆಸಿದ ಪರಂಪರೆಯಲ್ಲಿ ಈಗ ಏನು ಉಳಿದಿದೆ, ಏನು ಹೋಗಿದೆ ಎಂಬುದನ್ನು ಅಲ್ಲಿ ಕುಳಿತು ನೀವೇ ನಿರ್ಣಯಿಸಬಹುದು. ದ್ವಂದ್ವಾರ್ಥದ ಹಾಸ್ಯ ನನಗೆ ಸೇರುವುದಿಲ್ಲವಾದ್ದರಿಂದ ನನ್ನ ತೀರ್ಪು ನಿಷ್ಪಕ್ಷಪಾತವಲ್ಲ.

ಶ್ರೀಕೃಷ್ಣ ಪಾರಿಜಾತ, ಸಣ್ಣಾಟ, ದೊಡ್ಡಾಟ ಎಂಬ ಜಾನಪದ ಆಟಗಳ ಬಗ್ಗೆಯೂ ಕೇಳಿದ್ದೀರಿ. ಗೋಕಾಕ ಸೀಮೆಯ ಕುಲಗೋಡ, ಕೌಜಲಗಿಗಳ ಹೆಸರು ಪಾರಿಜಾತದೊಂದಿಗೆ ಕೂಡಿಕೊಂಡಿದೆ. ಕುಲಗೋಡ ತಮ್ಮಣ್ಣ ಅದನ್ನು ಬೆಳೆಸಿದವರು, ಕೌಜಲಗಿ ನಿಂಗಮ್ಮ ಅದರ ಹೆಸರಾಂತ ಕಲಾವಿದೆ. ಅಲ್ಲಿ ಪಟ್ಟಿ ಕೊಟ್ಟು ಪಾರ್ಟು ಪಡೆಯುವಂತಿಲ್ಲ. ಹಾಡು, ಹೆಜ್ಜೆ, ಭಾಗವತನೊಂದಿಗಿನ ಸ್ಥಳದ ಮಾತುಗಾರಿಕೆ ಇವು ವರ್ಷಗಟ್ಟಲೆ ಹಿರಿಯರ ಬೆನ್ನು ಹತ್ತಿದವರಿಗೆ ಬರುವಂಥವು. ನೀವು ಅಲ್ಲಿ ಪ್ರೇಕ್ಷಕರಾಗಿರಿ, ಸತ್ಯಭಾಮೆಯ ಪ್ರವೇಶಕ್ಕೆ ನಿದ್ದೆ ಮಾಡದಿರಿ.

ಜಾತ್ರೆಗೆ ಎರಡು ತಿಂಗಳು ಮೊದಲು ಯಾವುದಾದರೂ ಊರಿನವರು ನಿಮ್ಮನ್ನು ಕರೆದರೆ ಮೊದಲ ರಾತ್ರಿಯೇ ಹೋಗಿ, ಪಾರ್ಟು ಇಲ್ಲದಿದ್ದರೂ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಮೊತ್ತ ಬರೆಸಿ. ಅದು ನಾಯಕನದಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಿ, ಅವನಿಗೆ ಬೇಸರವಾಗುತ್ತದೆ. ಮಾಸ್ತರರ ಪುಸ್ತಕವನ್ನು ಕೇಳಿ ಪಡೆದು, ಅವರು ಹೊಡೆದುಹಾಕಿದ ಸಾಲುಗಳನ್ನೂ ಹಾಡಿನ ಜಾಗಗಳನ್ನೂ ನಿಮ್ಮ ಪ್ರತಿಯಲ್ಲಿ ಗುರುತು ಮಾಡಿಕೊಳ್ಳಿ. ಜಾತ್ರೆ ಮುಗಿದ ವಾರದಲ್ಲಿ ಗುಡಿಯ ಕಟ್ಟೆಯ ಮೇಲೆ ಲೆಕ್ಕ ಓದುತ್ತಾರೆ. ಖರ್ಚು ಹೆಚ್ಚಾಗಿದ್ದರೆ ಉಳಿದದ್ದನ್ನು ಪಾರ್ಟು ಮಾಡಿದವರೆಲ್ಲ ಹಂಚಿಕೊಂಡು ತುಂಬುತ್ತಾರೆ, ಹಣ ಮಿಕ್ಕಿದ್ದರೆ ಅದು ಗುಡಿಗೋ ಮುಂದಿನ ನಾಟಕಕ್ಕೋ ಹೋಗುತ್ತದೆ. ಆ ಸಭೆಗೆ ತಪ್ಪಿಸಬೇಡಿ. ಮುಂದಿನ ವರ್ಷದ ನಾಟಕ ಯಾವುದು, ಯಾರಿಗೆ ಯಾವ ಪಾರ್ಟು ಎಂಬ ಮಾತು ಮೊದಲು ಎದ್ದೇಳುವುದು ಅಲ್ಲಿಯೇ.